‘ಎಕ್ಸ್‌ಪೀರಿಯೆನ್ಸ್ ಹಾಕಿಸ್ಕೊ’ ಎನ್ನುವ ಉಪಕಾರಿಗಳಿಗೆ

ನಾರ್ತ್ ಕ್ಯಾರೊಲೈನಾದ ಡರ್ಹಮ್, ಮಾರಿಸ್‌ವಿಲ್, ಕ್ಯಾರಿ ಕಡೆಯ ಕನ್ನಡದವರ ಮನೆಗಳಲ್ಲಿ ಒಂದು ಸಲಹೆ ಬಹಳ ವರ್ಷಗಳಿಂದ ಪುಕ್ಕಟೆ ಸಿಗುತ್ತಿದೆ. ಮದುವೆಯಾಗಿ ಊರಿಂದ ಬಂದ ಹುಡುಗಿಯೋ, ಎಂ.ಎಸ್. ಮುಗಿಸಿ ಓದಿನ ನಂತರದ ಕೆಲಸದ ಪರವಾನಗಿಯಾದ ಓಪಿಟಿಯ ದಿನ ಎಣಿಸುತ್ತಿರುವ ಹುಡುಗನೋ ‘ಎಲ್ಲಿ ಅಪ್ಲೈ ಮಾಡಿದರೂ ಎಕ್ಸ್‌ಪೀರಿಯೆನ್ಸ್ ಕೇಳ್ತಾರೆ’ ಎಂದು ಬಾಯಿ ಬಿಟ್ಟರೆ ಸಾಕು, ಬಿಸಿಬೇಳೆಬಾತಿನ ತಟ್ಟೆ ಹಿಡಿದ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: ‘ಅಯ್ಯೋ, ಅದಕ್ಯಾಕೆ ತಲೆ ಕೆಡಿಸ್ಕೋತೀಯ? ಒಂದು ಕನ್ಸಲ್ಟೆನ್ಸಿ ಹಿಡಿ. ಏಳು ವರ್ಷ ಅವರೇ ಹಾಕಿಕೊಡ್ತಾರೆ. ಇಲ್ಲಿ ಎಲ್ಲರೂ ಹಾಗೇ ಒಳಗೆ ಬಂದಿರೋದು.’ ಸುತ್ತ ಕೂತವರು ಹೌದೆಂದು ತಲೆಯಾಡಿಸುತ್ತಾರೆ. ಯಾರೂ ಬೆಚ್ಚಿಬೀಳುವುದಿಲ್ಲ. ಸತ್ಯನಾರಾಯಣ ಪೂಜೆಯ ಪ್ರಸಾದ ಕೈಯಲ್ಲಿಟ್ಟುಕೊಂಡೇ ಈ ಮಾತಾಡಿದವರನ್ನು ನಾನು ಕಂಡಿದ್ದೇನೆ.

ಇದನ್ನು ನಾವು ವ್ಯವಹಾರಜ್ಞಾನ ಎಂದು ಕರೆದುಕೊಂಡಿದ್ದೇವೆ. ನಾನು ವಂಚನೆ ಎನ್ನುತ್ತೇನೆ. ಕಂಪನಿಗೆ ಆಗುವ ವಂಚನೆ ಆಮೇಲಿನ ಮಾತು, ಮೊದಲು ವಂಚನೆಯಾಗುವುದು ಸಲಹೆ ಕೇಳಿದ ಆ ಹುಡುಗಿಗೆ.

ಆ ‘ಏಳು ವರ್ಷ’ ಹೇಗಿರುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡಿ. ಪರಿಚಯದ ಹೆಣ್ಣುಮಗಳೊಬ್ಬಳು ಕನ್ಸಲ್ಟೆನ್ಸಿಯವರು ಬರೆದುಕೊಟ್ಟ ರೆಸ್ಯೂಮೆ ತೋರಿಸಿದಳು. ಆರು ಪುಟ. ಪುಟಪುಟಕ್ಕೂ ಒತ್ತೊತ್ತಾಗಿ ಟೂಲುಗಳ ಹೆಸರು. 2017ರ ಮಾರ್ಚಿನಿಂದ ಚಾರ್ಲಟ್‌ನ ಬ್ಯಾಂಕೊಂದರಲ್ಲಿ ಸೀನಿಯರ್ ಕ್ಯೂಎ ಅನಲಿಸ್ಟ್ ಎಂದಿತ್ತು. 2017ರ ಮಾರ್ಚಿನಲ್ಲಿ ಆಕೆ ತುಮಕೂರಿನಲ್ಲಿ ಆರನೇ ಸೆಮಿಸ್ಟರಿನ ಇಂಟರ್ನಲ್ಸ್ ಬರೆಯುತ್ತಿದ್ದಳು. ಚಾರ್ಲಟ್ ಎಂಬ ಊರು ಭೂಪಟದಲ್ಲಿ ಎಲ್ಲಿದೆ ಎಂದೂ ಆಗ ಅವಳಿಗೆ ಗೊತ್ತಿರಲಿಲ್ಲ. ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ಈ ಅನಲಿಸ್ಟ್ ಗಂಡಸಾಗಿಬಿಟ್ಟಿದ್ದ. ಯಾರದೋ ಹಳೆಯ ರೆಸ್ಯೂಮೆಯಿಂದ ಕತ್ತರಿಸಿ ಅಂಟಿಸುವಾಗ ಒಂದು ‘ಹೀ’ಯನ್ನು ‘ಶೀ’ ಮಾಡುವುದು ಮರೆತಿದ್ದರು. ಕೆಳಗೆ ಇಬ್ಬರು ‘ಮ್ಯಾನೇಜರು’ಗಳ ಫೋನ್ ನಂಬರು. ಆ ಎರಡು ಫೋನನ್ನೂ ಎತ್ತುವವನು ಕನ್ಸಲ್ಟೆನ್ಸಿಯ ಒಬ್ಬನೇ ಹುಡುಗ.

ಆಕೆ ನನ್ನನ್ನು ಕೇಳಿದ ಪ್ರಶ್ನೆ: ‘ಇದರಲ್ಲಿ ನಾನು ಎಲ್ಲಿದ್ದೀನಿ?’ ಇಂಜಿನಿಯರಿಂಗ್ ಕಾಲೇಜಿನಲ್ಲಿ ನಿಜವಾಗಿ ಮಾಡಿದ ಪ್ರಾಜೆಕ್ಟು ಇರಲಿಲ್ಲ. ಡರ್ಹಮ್‌ಗೆ ಬಂದ ಮೇಲೆ ರಾತ್ರಿ ಮಗು ಮಲಗಿಸಿ ಕಲಿತ ಪೈಥಾನ್ ಇರಲಿಲ್ಲ. ಅವಳದು ಅಂತ ಉಳಿದದ್ದು ಹೆಸರು ಮತ್ತು ಇಮೇಲ್. ಇದನ್ನೇ ನಾವು ಸಹಾಯ ಎನ್ನುತ್ತಿರುವುದು.

ರೆಸ್ಯೂಮೆ ಆದ ಮೇಲೆ ಉಳಿದದ್ದೆಲ್ಲ ಸಾಲಾಗಿ ಬರುತ್ತದೆ. ಆ ರೆಸ್ಯೂಮೆಗೆ ತಕ್ಕ ಇಂಟರ್‌ವ್ಯೂ ಆಕೆ ಕೊಡಲಾರಳು, ಹಾಗಾಗಿ ಅವಳ ಬದಲು ಉತ್ತರಿಸುವ ಪ್ರಾಕ್ಸಿ. ಇಂಟರ್‌ವ್ಯೂ ದಾಟಿದರೆ ಕೆಲಸ ಮಾಡಲಾರಳು, ಹಾಗಾಗಿ ‘ಜಾಬ್ ಸಪೋರ್ಟ್’. ಅಂದರೆ ಹೈದರಾಬಾದಿನ ಅಮೀರ್‌ಪೇಟೆಯಲ್ಲೋ ಬೆಂಗಳೂರಿನ ಬಿಟಿಎಂ ಲೇಔಟಿನಲ್ಲೋ ಒಬ್ಬ ಹುಡುಗ ನಮ್ಮ ಹಗಲಿಗೆ ತನ್ನ ರಾತ್ರಿಯನ್ನು ಹೊಂದಿಸಿಕೊಂಡು, ಸ್ಕ್ರೀನ್ ಹಂಚಿಕೊಂಡು, ತಿಂಗಳ ಬಾಡಿಗೆಗೆ ಅವಳ ಕೋಡ್ ಬರೆಯುತ್ತಾನೆ. ಆ ಹುಡುಗನಿಗೆ ನಿಜವಾಗಿಯೂ ಕೆಲಸ ಬರುತ್ತದೆ. ಅವನ ರೆಸ್ಯೂಮೆಯಲ್ಲಿ ಮಾತ್ರ ಈ ಕೆಲಸ ಎಲ್ಲೂ ಇರುವುದಿಲ್ಲ. ಕೆಲಸ ಬಲ್ಲವನಿಗೆ ಅನುಭವದ ಪತ್ರವಿಲ್ಲ, ಪತ್ರವಿದ್ದವಳಿಗೆ ಕೆಲಸ ಬಾರದು. ಇಬ್ಬರ ನಡುವೆ ಕೂತು ಗಂಟೆಯ ಬಿಲ್ಲಿಂಗಿನಲ್ಲಿ ಶೇಕಡಾ ಇಪ್ಪತ್ತೋ ಮೂವತ್ತೋ ಎತ್ತಿಕೊಳ್ಳುವವನು ಮಾತ್ರ ಹಬ್ಬದ ಕಾರ್ಯಕ್ರಮಕ್ಕೆ ‘ಗೋಲ್ಡ್ ಸ್ಪಾನ್ಸರ್’ ಆಗಿ ಬಂದು, ಶಾಲು ಹೊದೆಸಿಕೊಂಡು, ಕನ್ನಡ ಉಳಿಸಿ ಬೆಳೆಸಿ ಎಂದು ಎರಡು ಮಾತಾಡಿ ಹೋಗುತ್ತಾನೆ. ಚಪ್ಪಾಳೆ ತಟ್ಟುವವರು ನಾವೇ.

‘ಎಲ್ಲರೂ ಹಾಗೇ ಬಂದದ್ದು’ ಎನ್ನುವುದು ಅಪ್ಪಟ ಸುಳ್ಳು. ಇವತ್ತು ಇಲ್ಲಿನ ರಿಸರ್ಚ್ ಟ್ರಯಾಂಗಲ್ ಪಾರ್ಕಿನ (ಆರ್‌ಟಿಪಿ) ಕಂಪನಿಗಳಲ್ಲಿ ಡೈರೆಕ್ಟರು, ಆರ್ಕಿಟೆಕ್ಟು, ಸೀನಿಯರ್ ಮ್ಯಾನೇಜರು ಆಗಿ ಕೂತಿರುವ ನಮ್ಮ ತಲೆಮಾರಿನ ಹೆಚ್ಚಿನವರು ಸೊನ್ನೆ ಅನುಭವ ಎಂದು ರಾಜಾರೋಷವಾಗಿ ಬರೆದುಕೊಂಡೇ ಒಳಗೆ ಬಂದವರು. ವೈ2ಕೆ ಗಾಬರಿಯ ದಿನಗಳಲ್ಲಿ ಕೆಲವು ವಾರ ಕೋಬಾಲ್ ಕಲಿಸಿ ವಿಮಾನ ಹತ್ತಿಸುತ್ತಿದ್ದ ಕಾಲ ನೆನಪಿದೆಯೇ? ಅಮೆರಿಕ ಆಗ ವರ್ಷಕ್ಕೆ 65,000 ಇದ್ದ ಎಚ್-1ಬಿ ಕೆಲಸದ ವೀಸಾದ ಮಿತಿಯನ್ನು 1,15,000ಕ್ಕೆ, 2001ರಿಂದ ಮೂರು ವರ್ಷದ ಮಟ್ಟಿಗೆ 1,95,000ಕ್ಕೆ ಏರಿಸಿತ್ತು. ಆಮೇಲೆ ಕ್ಯಾಂಪಸ್ ನೇಮಕಾತಿಯ ಸುಗ್ಗಿ. ಸಿವಿಲ್ ಓದಿದವರು, ಮೆಕ್ಯಾನಿಕಲ್ ಓದಿದವರು, ಕಂಪ್ಯೂಟರನ್ನು ಲ್ಯಾಬಿನ ಗಾಜಿನಾಚೆಯಿಂದ ನೋಡಿದ್ದವರು ಎಲ್ಲರನ್ನೂ ಮೈಸೂರಿನ ಇನ್ಫೊಸಿಸ್ ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟುಕೊಂಡು, ಹಾಸ್ಟೆಲು ಕೊಟ್ಟು, ಸಂಬಳ ಕೊಟ್ಟು ಜಾವಾ ಕಲಿಸಿದರು. ವಿಪ್ರೊ ಬಿಎಸ್ಸಿ ಮುಗಿಸಿದ ಹುಡುಗರನ್ನು ಸೇರಿಸಿಕೊಂಡು ಸಂಬಳದ ಜೊತೆಗೆ ಬಿಟ್ಸ್ ಪಿಲಾನಿಯ ಎಂ.ಎಸ್. ಪದವಿಯನ್ನೂ ಕೊಡಿಸಿತು. ಕೋರಮಂಗಲದಲ್ಲಿ ಬಸ್ಸು ಹತ್ತಿ ಎಲೆಕ್ಟ್ರಾನಿಕ್ ಸಿಟಿಗೆ ಹೋದ ಮೊದಲ ದಿನ ನಿಮಗೆ ಎಷ್ಟು ವರ್ಷದ ಅನುಭವ ಇತ್ತು, ಸ್ವಾಮಿ?

ಕಲಿಸುವ ಖರ್ಚನ್ನು ಕಂಪನಿ ಹೊತ್ತ ಕಾಲದಲ್ಲಿ ಒಳಗೆ ಬಂದವರು ಈಗ ಮೀಟಿಂಗಿನಲ್ಲಿ ಕೂತು ‘ನಮಗೆ ಟ್ರೈನ್ ಮಾಡೋಕೆ ಟೈಮಿಲ್ಲ, ಮೊದಲ ದಿನದಿಂದಲೇ ಓಡೋರು ಬೇಕು’ ಎಂದು ಜಾಬ್ ಡಿಸ್ಕ್ರಿಪ್ಷನ್ ಬರೆಯುತ್ತಾರೆ. ಜೂನಿಯರ್ ಹುದ್ದೆಗೆ ‘ಕನಿಷ್ಠ ಐದು ವರ್ಷ’ ಎಂದು ಬೆರಳು ನಡುಗದೆ ಟೈಪ್ ಮಾಡುತ್ತಾರೆ. ಅದೇ ಸಂಜೆ ಪಾಟ್‌ಲಕ್ಕಿನಲ್ಲಿ ಪಕ್ಕದ ಮನೆಯ ಹುಡುಗಿಗೆ ‘ಐದು ವರ್ಷ ಹಾಕಿಸ್ಕೊ’ ಎಂದು ಉಪದೇಶ ಮಾಡುತ್ತಾರೆ. ಹಗಲು ಬಾಗಿಲು ಹಾಕಿದ ಕೈಯೇ ರಾತ್ರಿ ಕನ್ನದ ದಾರಿ ತೋರಿಸುತ್ತಿದೆ. ಇದು ಕನಿಕರವೋ ನಾಚಿಕೆಗೇಡೋ?

ಇನ್ನು ಈ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ ಎಂಬ ಸಮಾಧಾನ. ಇಂಟರ್‌ವ್ಯೂ ಪ್ಯಾನೆಲ್ಲುಗಳಲ್ಲಿ ಕೂತವನಾಗಿ ಹೇಳುತ್ತೇನೆ, ನಷ್ಟ ಎಣಿಸಲಾರದಷ್ಟಿದೆ. ದೇಸಿ ರೆಸ್ಯೂಮೆಯಲ್ಲಿ ಎಂಟು ವರ್ಷ ಎಂದಿದ್ದರೆ ಅದನ್ನು ಮೂರು ಎಂದು ಓದಿಕೊಳ್ಳುವುದನ್ನು ನಮ್ಮ ದೇಸಿ ಮ್ಯಾನೇಜರುಗಳೇ ರೂಢಿ ಮಾಡಿಕೊಂಡಿದ್ದಾರೆ. ಮೂರು ವರ್ಷದವರು ಬೇಕಿದ್ದರೆ ಎಂಟು ಕೇಳುತ್ತಾರೆ. ಎಂಟು ಕೇಳಿದ್ದರಿಂದ ಮುಂದಿನವನು ಹತ್ತು ಹಾಕಿಸಿಕೊಳ್ಳುತ್ತಾನೆ. ಹೀಗೆ ಏಲಂ ಏರುತ್ತಲೇ ಹೋಗುತ್ತದೆ, ಏರಿಸುತ್ತಿರುವವರು ನಾವೇ. ಈ ಏಲಂನಲ್ಲಿ ‘ನನಗೆ ಅನುಭವ ಇಲ್ಲ, ಆದರೆ ಇಷ್ಟು ಕಲಿತಿದ್ದೇನೆ, ಇದೋ ನಾನೇ ಮಾಡಿದ ಕೆಲಸ’ ಎಂದು ನೆಟ್ಟಗೆ ಬರೆದವಳ ಗತಿ ಏನು? ಅವಳ ಸೊನ್ನೆಯನ್ನೂ ಅದೇ ಸೂತ್ರದಲ್ಲಿ ಕಳೆದು ಮೈನಸ್ ಐದು ಎಂದು ಓದುತ್ತಾರೆ. ಸುಳ್ಳು ಹೇಳಿದವರ ದಂಡವನ್ನು ನಿಜ ಹೇಳಿದವಳು ಕಟ್ಟುತ್ತಾಳೆ. ‘ನಿಜ ಬರೆದರೆ ಯಾರೂ ಕರೆಯಲ್ಲ’ ಎಂದು ನೀವೇ ಆಮೇಲೆ ಸಾಕ್ಷಿ ಕೊಡುತ್ತೀರಿ. ಕರೆಯದ ಹಾಗೆ ಮಾಡಿಟ್ಟವರು ಯಾರು?

ಎಂ.ಎಸ್. ಮುಗಿಸಿದ ಹುಡುಗರ ಪಾಡು ಬೇರೆ. ಓಪಿಟಿಯಲ್ಲಿ ಒಟ್ಟು 90 ದಿನಕ್ಕಿಂತ ಹೆಚ್ಚು ಕೆಲಸವಿಲ್ಲದೆ ಇರುವಂತಿಲ್ಲ, ಆ ಗಡಿಯಾರ ನಿಜ. ಊರಿನಲ್ಲಿ ಅಪ್ಪ ಮಾಡಿದ ಸಾಲವೂ ನಿಜ. ಅದೇ ಭಯವನ್ನು ಬಂಡವಾಳ ಮಾಡಿಕೊಂಡವರನ್ನು ನಾವು ‘ಎಂಪ್ಲಾಯರ್’ ಎಂದು ಗೌರವದಿಂದ ಕರೆಯುತ್ತೇವೆ. ‘ಎಲ್ಲರೂ ಮಾಡ್ತಾರೆ’ ಎಂಬ ಇದೇ ಮಂತ್ರ ಮಿಷಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯದ ಹೆಸರಿನಲ್ಲೂ ಓಡಾಡಿತ್ತು. 2019ರ ಜನವರಿಯಲ್ಲಿ ಅದು ವಲಸೆ ಇಲಾಖೆಯೇ ಹೂಡಿದ ಬಲೆ ಎಂದು ಬಯಲಾಯಿತು. ಪಾಠವಿಲ್ಲ, ಪ್ರಾಧ್ಯಾಪಕರಿಲ್ಲ, ಬರೀ ದಾಖಲಾತಿ. ವಿದ್ಯಾರ್ಥಿಗಳನ್ನು ಕರೆತಂದು ಸೇರಿಸಿದ ಎಂಟು ಮಂದಿಯ ಮೇಲೆ ಕೇಸು ಬಿತ್ತು. ಅವರನ್ನು ನಂಬಿ ದುಡ್ಡು ಕಟ್ಟಿದ ನೂರಾರು ಹುಡುಗರು ಗಂಟುಮೂಟೆ ಕಟ್ಟಿದರು. ‘ಹಾಗೇ ಮಾಡು’ ಎಂದು ಪಾರ್ಟಿಯಲ್ಲಿ ಸಲಹೆ ಕೊಟ್ಟ ಅಣ್ಣಂದಿರಲ್ಲಿ ಯಾರ ವೀಸಾ ರದ್ದಾಯಿತು?

ಕಾನೂನಿನ ಮಾತು ಎತ್ತಿದರೆ ನಮ್ಮವರು ನಗುತ್ತಾರೆ. ನಗಲಿ. ಕೆಲಸದ ಮೂಲಕ ಗ್ರೀನ್ ಕಾರ್ಡಿನ ದಾರಿ ಸಾಮಾನ್ಯವಾಗಿ ಶುರುವಾಗುವುದು ಪರ್ಮ್ ಎಂಬ ಕಾರ್ಮಿಕ ಇಲಾಖೆಯ ಅರ್ಜಿಯಿಂದ. ಹುದ್ದೆಗೆ ಬೇಕಾದ ಅನುಭವ ಈ ಕಂಪನಿ ಸೇರುವ ಮೊದಲೇ ಇತ್ತು ಎಂದು ಅಲ್ಲಿ ತೋರಿಸಬೇಕು. ಹಿಂದಿನ ಕಂಪನಿಗಳ ಪತ್ರ ಕೇಳುತ್ತಾರೆ. ಚಾರ್ಲಟ್‌ನ ಆ ಬ್ಯಾಂಕಿನ ಸುಳ್ಳು ಆ ದಿನ ಸರ್ಕಾರದ ಕಾಗದದ ಮೇಲೆ, ಪ್ರಮಾಣ ಮಾಡಿ ಹೇಳಿದ ಸುಳ್ಳಾಗುತ್ತದೆ. ವಲಸೆಯ ಸವಲತ್ತಿಗಾಗಿ ತಿಳಿದೂ ತಿಳಿದೂ ಸುಳ್ಳು ಹೇಳಿದ್ದು ಸಾಬೀತಾದರೆ ಈ ದೇಶಕ್ಕೆ ಕಾಲಿಡದಂತೆ ಜೀವನಪರ್ಯಂತ ನಿರ್ಬಂಧ ಹಾಕಲು ಕಾನೂನಿನಲ್ಲಿ ಅವಕಾಶವಿದೆ. ಭಾರತದಲ್ಲಿ ಹುಟ್ಟಿದವರ ಸರದಿಯೋ ದಶಕಗಳ ಉದ್ದ. ಅಷ್ಟು ವರ್ಷ ಈ ಸುಳ್ಳನ್ನು ಮಡಿಲಲ್ಲಿ ಇಟ್ಟುಕೊಂಡು, ಪ್ರತಿ ಬಾರಿ ಕೆಲಸ ಬದಲಿಸುವಾಗ, ಪ್ರತಿ ಬ್ಯಾಕ್‌ಗ್ರೌಂಡ್ ಚೆಕ್ಕಿನಲ್ಲಿ, ಸಿಟಿಜನ್‌ಶಿಪ್ ಸಂದರ್ಶನದ ಕುರ್ಚಿಯ ಮೇಲೂ ಬೆವರಬೇಕಾದವಳು ಅವಳು. ಸಲಹೆ ಕೊಟ್ಟವರು ಅಷ್ಟರಲ್ಲಿ ಏಪೆಕ್ಸ್‌ನಲ್ಲಿ ಎರಡನೇ ಮನೆ ಕೊಂಡಿರುತ್ತಾರೆ.

ನನಗೆ ಇದಕ್ಕಿಂತ ಸಿಟ್ಟು ಬರಿಸುವ ಸಂಗತಿ ಇನ್ನೊಂದಿದೆ. ಎಚ್-4 ವೀಸಾದಲ್ಲಿ ಬಂದ ಸಂಗಾತಿಗಳಿಗೆ ಕೆಲಸ ಮಾಡುವ ಪರವಾನಗಿ ಸಿಕ್ಕಿದ್ದು 2015ರ ಮೇ 26ರಿಂದ. ಅದೂ ಎಲ್ಲರಿಗಲ್ಲ. ಗಂಡನ ಗ್ರೀನ್ ಕಾರ್ಡಿನ ಐ-140 ಅರ್ಜಿ ಮಂಜೂರಾಗಿರಬೇಕು, ಇಲ್ಲವೇ ಅವನ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿರಬೇಕು. ಆ ನಿಯಮ ಬರುವ ಮೊದಲೇ ಅದರ ಮೇಲೆ ಕೇಸು ಹಾಕಿದರು. ಮೊದಲ ಟ್ರಂಪ್ ಸರ್ಕಾರ ಅದನ್ನು ತೆಗೆದೇ ಹಾಕುತ್ತೇನೆ ಎಂದಿತು. ಹೆಂಗಸರು ತಮ್ಮ ಕಥೆಗಳನ್ನು ಬರೆದು ಕಳಿಸಿದರು, ಸಂಸದರ ಬಾಗಿಲು ತಟ್ಟಿದರು. ಕೇಸು ಹತ್ತು ವರ್ಷ ನಡೆದು, 2025ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಕೈಗೆತ್ತಿಕೊಳ್ಳಲು ನಿರಾಕರಿಸಿದ ಮೇಲೆ ಮುಗಿಯಿತು. ಹೀಗೆ ಉಳಿದ ಪರವಾನಗಿಯ ಕಾರ್ಡು ಕೈಗೆ ಬಂದ ದಿನ ನಾವು ಆ ಹುಡುಗಿಗೆ ಹೇಳಿಕೊಡುವ ಮೊದಲ ಪಾಠ ‘ಸುಳ್ಳು ಬರಿ’ ಎಂದು! ಪರವಾನಗಿ ಕಿತ್ತುಕೊಳ್ಳಬೇಕು ಎಂದು ಕಾದು ಕೂತವರಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಪರವಾನಗಿಗಾಗಿ ಕಾಯುವ ನಾಲ್ಕೈದು ವರ್ಷ ಹೇಗಿರುತ್ತದೆ ಎಂಬುದನ್ನು ಸಲಹೆಗಾರರು ಯೋಚಿಸಿದಂತಿಲ್ಲ. ಜೊತೆಗೆ ಓದಿದ ಗೆಳತಿ ಬೆಂಗಳೂರಿನಲ್ಲಿ ಟೀಮ್ ಲೀಡ್ ಆಗಿದ್ದಾಳೆ. ಲಿಂಕ್ಡ್‌ಇನ್ ತೆರೆದರೆ ಮೊದಲು ಕಾಣುವುದೇ ಅವಳ ಪ್ರಮೋಷನ್. ಹಿಂದಿನ ಬೆಂಚಿನ ಹುಡುಗ ಸಿಯಾಟಲ್ಲಿನಲ್ಲಿ ಮ್ಯಾನೇಜರು. ಇವಳು ಸೌತ್‌ಪಾಯಿಂಟ್ ಮಾಲಿನಲ್ಲಿ ಸ್ಟ್ರೋಲರ್ ತಳ್ಳುತ್ತಿದ್ದಾಳೆ. ಕಾನೂನು ಕಟ್ಟಿಹಾಕಿದ ಆ ವರ್ಷಗಳನ್ನು ರೆಸ್ಯೂಮೆಯಲ್ಲಿ ‘ಗ್ಯಾಪ್’ ಎನ್ನುತ್ತೇವೆ, ಅವಳ ತಪ್ಪೆಂಬಂತೆ. ಗ್ಯಾಪನ್ನು ಮುಚ್ಚಬೇಕು, ಯಾರಿಗೂ ಕಾಣಬಾರದು. ಕಂಡರೆ ಏನಾಯಿತು? ‘ವೀಸಾ ನಿಯಮದಿಂದ ಕೆಲಸ ಮಾಡುವಂತಿರಲಿಲ್ಲ, 2024ರಲ್ಲಿ ಪರವಾನಗಿ ಬಂತು’ ಎಂದು ಒಂದು ಸಾಲು ಬರೆದರೆ ಅಮೆರಿಕದ ಯಾವ ಮ್ಯಾನೇಜರಿಗೂ ಅರ್ಥವಾಗುತ್ತದೆ. ಅರ್ಥವಾಗದೆ ಹುಬ್ಬು ಗಂಟಿಕ್ಕುವವರು ಹೆಚ್ಚಾಗಿ ನಮ್ಮವರೇ.

  

‘ಎಐ ಬಂದ ಮೇಲೆ ಜೂನಿಯರ್‌ಗಳು ಯಾರಿಗೆ ಬೇಕು’ ಎಂಬುದು ಇತ್ತೀಚಿನ ಜಾಣತನ. ಎಐ ಹೆಚ್ಚು ತಟ್ಟಿದ ಕೆಲಸಗಳಲ್ಲಿ 22ರಿಂದ 25 ವಯಸ್ಸಿನವರ ಉದ್ಯೋಗ ಉಳಿದವರಿಗೆ ಹೋಲಿಸಿದರೆ ಶೇ. 13ರಷ್ಟು ಕುಸಿದಿದೆ ಎಂದು ಸ್ಟ್ಯಾನ್‌ಫರ್ಡಿನ ಅಧ್ಯಯನವೊಂದು 2025ರಲ್ಲಿ ಹೇಳಿದೆ, ನಿಜ. ಮೈಸೂರಿನ ಅದೇ ಇನ್ಫೊಸಿಸ್ ಕ್ಯಾಂಪಸ್ಸಿನಿಂದ 2025ರ ಫೆಬ್ರವರಿಯಲ್ಲಿ 300ಕ್ಕೂ ಹೆಚ್ಚು ಟ್ರೈನಿಗಳನ್ನು, ಆಂತರಿಕ ಪರೀಕ್ಷೆ ಪಾಸಾಗಲಿಲ್ಲವೆಂದು ಹೊರಗೆ ಕಳಿಸಿದ್ದೂ ನಿಜ. ಆಫರ್ ಲೆಟರ್ ಹಿಡಿದು ಎರಡು ವರ್ಷ ಕಾದ ಮಕ್ಕಳೂ ಅವರಲ್ಲಿದ್ದರು. ಆದರೆ ಈ ಸಂಗತಿಗಳನ್ನು ನಮ್ಮ ಹಿರಿಯರು ಉದುರಿಸುವ ಧಾಟಿ ನೋಡಿ: ಮಳೆ ಬಂತು, ಬಿಸಿಲು ಬಂತು ಎನ್ನುವ ಹಾಗೆ. ಜೂನಿಯರ್ ಹುದ್ದೆ ತಾನಾಗಿಯೇ ಬತ್ತಿಹೋಗಿಲ್ಲ. ಬಜೆಟ್ ಹಾಳೆಯಲ್ಲಿ ಆ ಸಾಲಿನ ಮೇಲೆ ಗೆರೆ ಎಳೆದದ್ದು ಒಬ್ಬ ಮನುಷ್ಯ. ಆ ಮನುಷ್ಯನ ಮನೆಯಲ್ಲಿ ನಾವು ಹೋದ ಶನಿವಾರ ಹೋಳಿಗೆ ಊಟ ಮಾಡಿದೆವು.

ಈ ನೆಲದ ಚರಿತ್ರೆಯಾದರೂ ನಮಗೆ ಪಾಠವಾಗಬೇಕಿತ್ತು. ಡರ್ಹಮ್ ಒಂದು ಕಾಲಕ್ಕೆ ತಂಬಾಕಿನ ಊರಾಗಿತ್ತು. ಇಲ್ಲಿನ ವಿಶ್ವವಿದ್ಯಾಲಯಗಳಲ್ಲಿ ಓದಿದ ಮಕ್ಕಳು ಕೆಲಸವಿಲ್ಲದೆ ರಾಜ್ಯ ಬಿಟ್ಟು ಹೋಗುತ್ತಿದ್ದಾರೆ ಎಂಬ ಚಿಂತೆಯಲ್ಲಿ 1959ರಲ್ಲಿ ರಿಸರ್ಚ್ ಟ್ರಯಾಂಗಲ್ ಪಾರ್ಕ್ ಕಟ್ಟಿದರು. 1965ರಲ್ಲಿ ಐಬಿಎಂ ಬಂತು. ಇದೇ ಐಬಿಎಂ 2017ರಲ್ಲಿ ಕಾಲೇಜು ಪದವಿಯನ್ನೂ ಕೇಳದ, ಸಂಬಳ ಕೊಟ್ಟು ಕಲಿಸುವ ಅಪ್ರೆಂಟಿಸ್ ಯೋಜನೆ ಶುರು ಮಾಡಿದಾಗ ಮೊದಲು ತೊಡಗಿದ ಜಾಗಗಳಲ್ಲಿ ಆರ್‌ಟಿಪಿಯೂ ಒಂದು. ನಮ್ಮ ಬೆಂಗಳೂರಿನ ಇನ್ಫೊಸಿಸ್ಸೇ ನಾರ್ತ್ ಕ್ಯಾರೊಲೈನಾದಲ್ಲಿ 2,000 ಜನರನ್ನು ತೆಗೆದುಕೊಳ್ಳುತ್ತೇನೆ ಎಂದು 2017ರಲ್ಲಿ ಘೋಷಿಸಿ, ರಾಲಿಯಲ್ಲಿ ಕೇಂದ್ರ ತೆರೆದು, ಇಲ್ಲಿನ ಹೊಸ ಪದವೀಧರರಿಗೆ ತರಬೇತಿ ಕೊಟ್ಟಿತು. ಅಂದರೆ ಅನುಭವವಿಲ್ಲದವರನ್ನು ತೆಗೆದುಕೊಂಡು ಕಲಿಸುವುದು ಆಗದ ಕೆಲಸವಲ್ಲ. ಯಾರಾದರೂ ಒಳಗಿನವರು ಬೇಕೆಂದು ಹಟ ಹಿಡಿದರೆ ಆಗುತ್ತದೆ. ಇಷ್ಟೊಂದು ಕನ್ನಡಿಗರು ಒಳಗಿದ್ದೇವೆ. ನಮ್ಮಲ್ಲಿ ಎಷ್ಟು ಜನ ಹಟ ಹಿಡಿದಿದ್ದೇವೆ?

ರೆಫರಲ್ ವಿಷಯವನ್ನೇ ತೆಗೆದುಕೊಳ್ಳಿ. ಏಳು ವರ್ಷದ ಸುಳ್ಳು ರೆಸ್ಯೂಮೆಯನ್ನು ಮಾತಿಲ್ಲದೆ ಮುಂದಕ್ಕೆ ತಳ್ಳುವವರು ಸೊನ್ನೆ ವರ್ಷದ ನಿಜ ರೆಸ್ಯೂಮೆ ಬಂದರೆ ‘ನೋಡೋಣ, ಈಗ ಓಪನಿಂಗ್ ಇಲ್ಲ’ ಎನ್ನುತ್ತಾರೆ. ಏಳು ವರ್ಷದವಳು ಆಯ್ಕೆಯಾದರೆ ಬೋನಸ್ಸು, ಸೊನ್ನೆಯವಳನ್ನು ಹೇಳಿದರೆ ತಮ್ಮ ಮರ್ಯಾದೆಯ ಪ್ರಶ್ನೆ. ಸುಳ್ಳಿಗೆ ಜಾಮೀನು ನಿಲ್ಲಲು ಹೆದರದ ಮರ್ಯಾದೆ ಕಲಿಯುವ ಆಸೆಗೆ ಜಾಮೀನು ನಿಲ್ಲಲು ಏಕೆ ನಡುಗುತ್ತದೆ?

ಇದು ನಿಲ್ಲಬೇಕು. ಕನ್ನಡ ಕೂಟಗಳು ರೆಸ್ಯೂಮೆ ಕುದುರಿಸುವ ಕನ್ಸಲ್ಟೆನ್ಸಿಗಳ ದುಡ್ಡು ಮುಟ್ಟುವುದನ್ನು ಈ ವರ್ಷವೇ ಬಿಡಬೇಕು. ದೀಪಾವಳಿಯ ಊಟದಲ್ಲಿ ಒಂದು ಪಲ್ಯ ಕಡಿಮೆಯಾದರೆ ಆಕಾಶ ಬೀಳುವುದಿಲ್ಲ. ಆ ಬ್ಯಾನರಿದ್ದ ಜಾಗದಲ್ಲಿ ಮೇಜು ಹಾಕಿ, ಇಂಟರ್‌ವ್ಯೂ ತೆಗೆದುಕೊಂಡು ಪಳಗಿದ ನಾಲ್ಕು ಜನ ಕೂತು, ಬಂದವರ ನಿಜವಾದ ರೆಸ್ಯೂಮೆ ಓದಿ ತಿದ್ದಿಕೊಡಲಿ. ಮಾರಿಸ್‌ವಿಲ್‌ನ ಹಿಂದೂ ಭವನದಲ್ಲಿ ಭಜನೆಗೆ ಜಾಗವಿದೆ, ಭರತನಾಟ್ಯಕ್ಕೆ ಜಾಗವಿದೆ, ಇದಕ್ಕೂ ಒಂದು ಮೂಲೆ ಸಿಕ್ಕೀತು.

ಪರವಾನಗಿ ಬರುವವರೆಗೆ ಎಚ್-4ನಲ್ಲಿ ದುಡಿಯುವಂತಿಲ್ಲ, ಆದರೆ ಓದಬಹುದು. ಹೊಸದಾಗಿ ಬಂದ ಹುಡುಗಿಗೆ ಇದನ್ನು ಮೊದಲ ತಿಂಗಳೇ ಹೇಳುವವರು ಯಾರೂ ಇಲ್ಲ. ಡರ್ಹಮ್‌ನ ಲಾಸನ್ ಸ್ಟ್ರೀಟಿನಲ್ಲಿ 1961ರಿಂದ ಡರ್ಹಮ್ ಟೆಕ್ ಇದೆ. ಈ ರಾಜ್ಯದಲ್ಲಿ ಅಂಥ 58 ಕಮ್ಯುನಿಟಿ ಕಾಲೇಜುಗಳಿವೆ. ಕಾಯುವ ವರ್ಷಗಳಲ್ಲಿ ಅಲ್ಲಿ ನೆಟ್‌ವರ್ಕಿಂಗೋ ಡೇಟಾಬೇಸೋ ಕಲಿತು, ಪಾಠ ಹೇಳಿದ ಮೇಷ್ಟರ ಒಂದು ನಿಜವಾದ ಶಿಫಾರಸು ಪತ್ರ ಕೈಯಲ್ಲಿದ್ದರೆ, ಪರವಾನಗಿ ಬಂದ ದಿನ ಅವಳ ಬಳಿ ತೋರಿಸಲು ಏನಾದರೂ ಇರುತ್ತದೆ. ಅದು ಅವಳದೇ ಆಗಿರುತ್ತದೆ.

ಇದಕ್ಕಿಂತ ದೊಡ್ಡ ಜವಾಬ್ದಾರಿ ಸಂಬಳದ ಹಾಳೆಗೆ ಸಹಿ ಹಾಕುವವರದು. ನಿಮ್ಮ ಟೀಮಿನಲ್ಲಿ ಹತ್ತು ಜನರಿದ್ದರೆ ಒಬ್ಬರನ್ನು ಅನುಭವ ಕೇಳದೆ ತೆಗೆದುಕೊಳ್ಳಿ. ಡೈರೆಕ್ಟರ ಮುಂದೆ ವಾದ ಮಾಡಿ, ಬೈಸಿಕೊಳ್ಳಿ. ಜೂನಿಯರ್ ಹುದ್ದೆಗೆ ಐದು ವರ್ಷ ಎಂದು ಬರೆದಿದ್ದರೆ ಸೋಮವಾರ ಹೋಗಿ ಆ ಸಾಲನ್ನು ತಿದ್ದಿ. ನಿಮ್ಮನ್ನು ಯಾರೋ ಒಬ್ಬರು ಸೊನ್ನೆಯಿಂದ ಎತ್ತಿಕೊಂಡಿದ್ದರು. ಅವರ ಹೆಸರು ನಿಮಗೆ ಈಗಲೂ ನೆನಪಿದೆ.

ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಮುಂದಿನ ಬೇಸಿಗೆಯ ಇಂಟರ್ನ್‌ಗಳ ಪಟ್ಟಿ ಹಿಂದಿನ ವರ್ಷದ ಶರತ್ಕಾಲದಲ್ಲೇ ತಯಾರಾಗುತ್ತದೆ. ದಸರಾ ಗೊಂಬೆ ನೋಡಲು ಮನೆಮನೆಗೆ ಹೋಗುವ ಹೊತ್ತಿಗೆ ಆ ಪಟ್ಟಿ ನಿಮ್ಮ ಮ್ಯಾನೇಜರ ಮೇಜಿನ ಮೇಲೆ ಇರುತ್ತದೆ. ಅದರಲ್ಲಿ ಒಂದು ಹೆಸರು ಸೇರಿಸಿ ಬನ್ನಿ. ಅಲ್ಲಿಯವರೆಗೆ ಯಾರ ಮಗಳಿಗೂ ಸಲಹೆ ಕೊಡಬೇಡಿ.